ಬೆಲ್ಲದಮ್ಮನ ಕೈಗುಣ

ಜೀಪಿನ ಸದ್ದು ಕೇಳಿದ ಕೂಡಲೇ ಊರು ಖಾಲಿಯಾಗುತ್ತಿತ್ತು. ಗಂಡಸರು ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು, ಹೆಂಗಸರು ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದರು. ಎಮರ್ಜೆನ್ಸಿ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಜೀಪು ಬಂತೆಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಜನ ಹಿಡಿಯಲು ಬಂತು ಎಂಬ ಭಯ ಇನ್ನೂ ಹೋಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅಮೆರಿಕದ ಮೂವರು ಕಾಲೇಜು ವಿದ್ಯಾರ್ಥಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಮನೆಮನೆಗೆ ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಿತ್ತು.

ನಾನಾಗ ಮಳವಳ್ಳಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ವಿಸಿಟರ್. ಊರಿನವರ ಬಾಯಲ್ಲಿ ನರ್ಸಮ್ಮ. ಬಂದ ಮೂವರೂ ಇನ್ನೂ ಡಿಗ್ರಿ ಮುಗಿಸದವರು. ಬೇರೆ ದೇಶದಲ್ಲಿ ಜನರ ಆರೋಗ್ಯವನ್ನು ಹೇಗೆ ಕಾಯುತ್ತಾರೆ ಎಂಬುದನ್ನು ಅಲ್ಲಿಯೇ ಇದ್ದು ಕಲಿಯುವ ಏರ್ಪಾಡು ಅವರ ಕಾಲೇಜಿನಲ್ಲಿತ್ತು. ಮೈಸೂರಿನಲ್ಲಿ ಕೆಲವು ವಾರ ಪಾಠ ಮತ್ತು ಕನ್ನಡ, ಆಮೇಲೆ ನಮ್ಮ ಕೇಂದ್ರದಲ್ಲಿ ಹಳ್ಳಿಯ ಕೆಲಸ. ಶಿವನಸಮುದ್ರದ ಕರೆಂಟು ಕಾಲೊನಿಯಲ್ಲಿ ಖಾಲಿ ಇದ್ದ ಕ್ವಾರ್ಟರ್ಸಿನಲ್ಲಿ ಅವರನ್ನು ಇಳಿಸಿದ್ದರು. ಅವರ ಮೇಡಂ ಒಬ್ಬರು ಮೈಸೂರಿನಲ್ಲೇ ಇದ್ದು ಆಗಾಗ ಬಂದು ಹೋಗುತ್ತಿದ್ದರು. ಜೀಪು, ಡ್ರೈವರು ಅವರ ಕಡೆಯದೇ.

ಮೂವರಲ್ಲಿ ಇಬ್ಬರು ಹುಡುಗರು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಗುಂಡಿ ಕಕ್ಕಸಿನ ಅಳತೆ, ಸೊಳ್ಳೆಯ ಮರಿ ಹುಡುಕುವುದು, ಇವು ಅವರಿಗೆ ಹಿಡಿಸಿದವು. ಅವರನ್ನು ಹೆಲ್ತ್ ಇನ್‌ಸ್ಪೆಕ್ಟರು ಕರೆದುಕೊಂಡು ಹೋಗುತ್ತಿದ್ದರು. ಮೂರನೆಯವಳು ಹುಡುಗಿ, ಎತ್ತರದ ಆಳು, ಕೆಂಪು ಮುಖ, ಬಾಗಿಲ ತಲೆಕಟ್ಟು ಎಲ್ಲಿ ತಗುಲುತ್ತದೋ ಎಂದು ಸದಾ ಬಗ್ಗಿಕೊಂಡೇ ನಡೆಯುವವಳು. ಮುಂದೆ ಡಾಕ್ಟರಿಕೆ ಓದಬೇಕು ಎಂದಿದ್ದಳು. ಅವಳು ನನ್ನ ಜೊತೆ. ಒಂದು ಕಡೆ ಕೂರುವ ಜಾಯಮಾನ ಅವಳದ್ದಲ್ಲ. ನಾನು ಒಂದು ಮನೆಯಲ್ಲಿ ಮಾತಾಡುತ್ತಿದ್ದರೆ ಅವಳು ಮುಂದಿನ ಮನೆಯ ಜಗಲಿಯ ಕಡೆ ನೋಡುತ್ತಿರುತ್ತಿದ್ದಳು. "ಈಗ ನಾನೇನು ಮಾಡಲಿ?" ಎಂಬುದು ಅವಳ ದಿನದ ಪ್ರಶ್ನೆ. ನಿಜ ಹೇಳಬೇಕೆಂದರೆ ನನ್ನ ಸ್ವಭಾವವೂ ಅದೇ. ನಮ್ಮಿಬ್ಬರ ಜೊತೆ ಒಂದು ಹಗಲು ಕಳೆದ ಡ್ರೈವರು, "ನೀವಿಬ್ರೂ ಕಾಲಿಗೆ ಚಕ್ರ ಕಟ್ಕಂಡು ಉಟ್ಟೋರು ಕಣಮ್ಮ" ಎಂದಿದ್ದ.

ಮೊದಲ ವಾರ ಮುಚ್ಚಿದ ಬಾಗಿಲುಗಳನ್ನೇ ನೋಡಿದೆವು. ಆಮೇಲೆ ನಾನು ಜೀಪನ್ನು ನಾಲೆಯ ಏರಿಯ ಮೇಲೆ ಬಿಟ್ಟು ನಡೆದೇ ಹೋಗೋಣ ಎಂದೆ. ನಡೆದು ಬಂದವರನ್ನು ಕಂಡು ಯಾರೂ ಓಡಲಿಲ್ಲ, ಆದರೆ ಯಾರೂ ಬಾ ಎನ್ನಲೂ ಇಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ, ಊರಿನ ಮೊದಲ ಬೀದಿಯಲ್ಲೇ ಒಂದು ಮಗು ಕಂಡಿತು. ಇನ್ನೂ ಎದ್ದು ನಡೆಯುವುದನ್ನು ಕಲಿಯುತ್ತಿದ್ದ ವಯಸ್ಸು. ಹಿಂದಿನ ದಿನದಿಂದ ಭೇದಿ. ಕಣ್ಣು ಗುಳಿಬಿದ್ದಿದ್ದವು, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಕೇಂದ್ರದಲ್ಲಿ ಗ್ಲೂಕೋಸ್ ಬಾಟಲಿ ಮುಗಿದು ಬಹಳ ದಿನವಾಗಿತ್ತು. ಹುಡುಗಿ ಮೈಸೂರಿನ ಪಾಠದಲ್ಲಿ ಕೇಳಿದ್ದನ್ನು ನೆನೆಸಿಕೊಂಡು, "ಉಪ್ಪು, ಸಕ್ಕರೆ, ನೀರು. ಬಾಯಿಂದಲೇ ಕೊಡಬಹುದು ಅಂತ ಹೇಳಿದ್ದರು" ಎಂದಳು. ಸಕ್ಕರೆ ಆ ಮನೆಯಲ್ಲಿರಲಿಲ್ಲ. ಬೆಲ್ಲವಿಲ್ಲದ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ಕುದಿಸಿ ಆರಿಸಿದ ನೀರಿಗೆ ಬೆಲ್ಲ ಕದಡಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಕಣ್ಣೀರಿಗಿಂತ ಉಪ್ಪಾಗಿಲ್ಲವೆಂದು ನಾಲಿಗೆಗೆ ಹಚ್ಚಿ ನೋಡಿಕೊಂಡೆವು. ಹಾಲು ಕುಡಿಸುವ ಒಳಲೆಯಲ್ಲಿ ಹಾಕಿದರೆ ಮಗು ಕಕ್ಕಿತು. ಚಮಚದಲ್ಲಿ ಹಾಕಿದೆವು. ಕಕ್ಕಿತು. ಸ್ವಲ್ಪ ಬಿಟ್ಟು ಮತ್ತೆ ಹಾಕಿದೆವು. ಮಧ್ಯಾಹ್ನವೆಲ್ಲ ಹುಡುಗಿ ಆ ಜಗಲಿಯಿಂದ ಏಳಲಿಲ್ಲ. ಅವಳು ಅಷ್ಟು ಹೊತ್ತು ಒಂದೆಡೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲು ಇಳಿಯುವ ಹೊತ್ತಿಗೆ ಮಗು ಅವಳ ಮಡಿಲಲ್ಲೇ ಉಚ್ಚೆ ಹೊಯ್ದಿತು. ಒಣಗಿದ್ದ ಮೈಗೆ ನೀರು ಹತ್ತಿತೆಂದು ನಾನು ನಕ್ಕೆ. ಅವಳಿಗೆ ಅದು ಎಂಥ ಒಳ್ಳೆಯ ಸುದ್ದಿ ಎಂದು ತಿಳಿದಿತ್ತು, ಒದ್ದೆ ಬಟ್ಟೆಯಲ್ಲೇ ಕೂತಿದ್ದಳು.

ಮಾರನೆಯ ದಿನ ನಾಲೆಯ ಏರಿಯ ಮೇಲೆ ಜೀಪು ನಿಲ್ಲುವ ಮೊದಲೇ ಜನ ನಿಂತಿದ್ದರು. ಕಜ್ಜಿಯ ಮಕ್ಕಳು, ಮಂಡಿ ನೋವಿನ ಮುದುಕರು, ಕಣ್ಣು ಮಂಜಾದವರು. ಎಲ್ಲರಿಗೂ ಬೇಕಾಗಿದ್ದು ಆ ಹುಡುಗಿ. "ಬೆಲ್ಲದ ನೀರ್ನಲ್ಲೇ ಮಗ ಉಳಿಸ್ಬುಟ್ಲು ಕಣ್ಲಾ, ಕೈಗುಣ ಅಂದ್ರೆ ಅದು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಅವಳ ಹೆಸರಿಗೆ ಯಾರ ನಾಲಿಗೆಯೂ ಹೊರಳಲಿಲ್ಲ. ಬೆಲ್ಲದಮ್ಮ ಎಂದು ಕರೆದರು.

"ಇವರು ಡಾಕ್ಟರಲ್ಲ, ಇನ್ನೂ ಓದೋ ಮಕ್ಕಳು" ಎಂದು ನಾನು ಗಂಟಲು ಹರಿದುಕೊಂಡೆ. ಹಿರಿಯರೊಬ್ಬರು ನನ್ನನ್ನು ಸಮಾಧಾನ ಮಾಡುವ ಹಾಗೆ, "ದೊಡ್ಡೋರು ಅಂಗೇ ಏಳ್ಕತಾರೆ ಬುಡವ್ವ" ಎಂದರು. ಬಾಗಿಲು ಮುಚ್ಚಿದ್ದಾಗ ನನಗೆ ಬೇಸರವಿತ್ತು, ಅಷ್ಟೆ. ಈಗ ಭಯವಾಯಿತು. ನಮ್ಮನ್ನು ಕಂಡು ಓಡುವವರಿಗೆ ನಮ್ಮಿಂದ ಅಪಾಯವಿರಲಿಲ್ಲ, ನಂಬಿ ಬರುವವರಿಗೆ ಇತ್ತು.

ನಮ್ಮ ಡಾಕ್ಟರಿಗೆ ಮಾತ್ರ ಬಹಳ ಖುಷಿ. ಅವರು ಚಿಕ್ಕ ವಯಸ್ಸಿನವರು, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಯಾರೂ ಬಾರದ ಆಸ್ಪತ್ರೆಯಲ್ಲಿ ಕೂತು ಕೂತು ಅವರಿಗೂ ಸಾಕಾಗಿತ್ತು. ಶುಕ್ರವಾರ ಆ ಊರಿನಲ್ಲೇ ಒಂದು ಕ್ಯಾಂಪು ಎಂದರು. ಶಾಮಿಯಾನ, ತಾಲ್ಲೂಕು ಬೋರ್ಡಿನ ಅಧ್ಯಕ್ಷರು, ಫೋಟೋ. ತಮ್ಮ ಹಳೆಯ ಸ್ಟೆತಸ್ಕೋಪನ್ನು ಹುಡುಗಿಯ ಕೊರಳಿಗೆ ಹಾಕಿ, "ಅಭ್ಯಾಸ ಮಾಡಿಕೊಳ್ಳಲಿ" ಎಂದರು. ನಾನು ಜನ ತಪ್ಪು ತಿಳಿಯುತ್ತಾರೆ ಎಂದೆ. "ಇಷ್ಟು ದಿನ ಕರೆದರೂ ಬರದವರು ಈಗ ತಾವೇ ಬರ್ತಿದಾರೆ. ನೀವ್ಯಾಕಮ್ಮ ಅದಕ್ಕೆ ತಣ್ಣೀರು ಹಾಕ್ತೀರಿ?" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವಾರ ಬಸುರಿಯರು ತಾವಾಗಿ ಬಂದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿದ್ದರು.

ಹಾಗೆ ಬಂದವರಲ್ಲಿ ಊರ ನಡುವಿನ ಒಂದು ಗೌಡರ ಮನೆಯ ಸೊಸೆ ಇದ್ದಳು. ಚೊಚ್ಚಲು, ದಿನ ತುಂಬಲು ಇನ್ನೂ ಕೆಲವು ವಾರವಿತ್ತು. ಅವಳ ಕೈ ನೋಡಿದ ಕೂಡಲೇ ನನಗೆ ಸಮಾಧಾನವಾಗಲಿಲ್ಲ. ಬಳೆಗಳು ಮಣಿಕಟ್ಟಿನಲ್ಲಿ ಕದಲುತ್ತಿರಲಿಲ್ಲ. ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಪಾದರಸದ ಯಂತ್ರ ಬಿಚ್ಚಿ ಬಿ.ಪಿ. ನೋಡಿದೆ. ನೂರ ಐವತ್ತು ದಾಟಿತ್ತು. ಸ್ವಲ್ಪ ಮಲಗಿಸಿ ಮತ್ತೆ ನೋಡಿದೆ, ಇಳಿದಿರಲಿಲ್ಲ. ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಮೇಲುಭಾಗ ಮಜ್ಜಿಗೆಯ ಹಾಗೆ ಕದಡಿತು, ಆಸಿಡ್ಡಿನ ಹನಿ ಬಿಟ್ಟರೂ ತಿಳಿಯಾಗಲಿಲ್ಲ. ಅದು ಬಸುರಿನ ನಂಜು. ಮುಂದೆ ಫಿಟ್ಸ್ ಬರಬಹುದು, ಬಂದರೆ ತಾಯಿ ಮಗು ಇಬ್ಬರಿಗೂ ಆಪತ್ತು.

ಅವಳ ಅತ್ತೆಗೆ ಮಂಡ್ಯದ ದೊಡ್ಡಾಸ್ಪತ್ರೆಗೆ ಇವತ್ತೇ ಹೊರಡಿ ಎಂದೆ.

ಅತ್ತೆ ಗಟ್ಟಿಗಿತ್ತಿ. ಗಂಡನಿಲ್ಲದೆ ಗದ್ದೆ ಗೇಯಿಸಿ ಮಗನನ್ನು ಸಾಕಿದ ಹೆಂಗಸು. "ಓದ್ ಸಲ ಮೇಗಲ್ ಬೀದಿ ಉಡುಗಿಗೂ ಇಂಗೇ ಅಂದೆ. ಮಂಡ್ಯಕ್ಕೆ ಓಗ್ದಿದ್ರೆ ಸತ್ತೇ ಓಯ್ತೀಯ ಅಂತ. ಅವ್ರು ಗಾಡಿ ಕಟ್ಕಂಡು ಓದ್ರು. ಅಲ್ಲಿ ಏನೂ ಇಲ್ಲ ಅಂತ ವಾಪಸ್ ಕಳುಸ್ಲಿಲ್ವ? ಅವ್ಳು ಮನೇಲೇ ಎರಿಗೆ ಆಗಿ ಗುಂಡುಕಲ್ಲಂಗವ್ಳೆ" ಎಂದಳು.

ಅದೂ ನಿಜವೇ. ಆ ಸಲ ಬಿ.ಪಿ. ಏರಿದ್ದು ಆಮೇಲೆ ತಾನಾಗಿ ಇಳಿದಿತ್ತು. ಹಾಗಾಗುವುದುಂಟು.

"ಬೆಲ್ಲದಮ್ಮ ಅವ್ಳಲ್ವಾ, ಅವ್ಳು ಬಂದು ಒಟ್ಟೆ ಮೇಲೆ ಕೈ ಮಡಗ್ಲಿ. ಅವ್ಳು ಏನಂತಾಳೋ ಅಂಗ್ ಮಾಡ್ತೀವಿ. ದೊಡ್ಡ್ ಡಾಕ್ಟ್ರೇ ಬಾಗ್ಲಿಗೆ ಬಂದಿರುವಾಗ ಮಂಡ್ಯಕ್ಯಾಕೆ ಓಗಾನ?" ಎಂದಳು ಅತ್ತೆ.

ಉಪ್ಪು ಬಿಡಿಸಿ, ಎಡಮಗ್ಗುಲಲ್ಲಿ ಮಲಗಿರು ಎಂದು ಸೊಸೆಗೆ ಹೇಳಿ, ಕೇಂದ್ರಕ್ಕೆ ಓಡಿದೆ. ಡಾಕ್ಟರು ಮೂರು ದಿನದ ಜಿಲ್ಲಾ ಮೀಟಿಂಗಿಗೆ ಹೊರಟು ನಿಂತಿದ್ದರು. ನಿದ್ದೆಯ ಮಾತ್ರೆ ಕೊಟ್ಟು, "ಶುಕ್ರವಾರ ಕ್ಯಾಂಪಿನಲ್ಲಿ ನಾನೇ ನೋಡ್ತೀನಿ. ವಿದ್ಯಾರ್ಥಿಗಳಿಗೂ ಒಂದು ಒಳ್ಳೆ ಕೇಸು" ಎಂದರು. ಶುಕ್ರವಾರಕ್ಕೆ ಇನ್ನೂ ದಿನಗಳಿದ್ದವು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇರೆ ಊರಿನ ಸರದಿ ಇದ್ದರೂ ದಾರಿ ತಪ್ಪಿಸಿ ಆ ಮನೆಗೆ ಹೋದೆ. ಬಿ.ಪಿ. ಇಳಿದಿರಲಿಲ್ಲ. ಬಸ್ಸಿನಲ್ಲಿ ಕುಳಿತರೆ ಇಳಿದು ನಡೆಯಬೇಕೆನಿಸುತ್ತಿತ್ತು, ನಡೆದರೆ ಬಸ್ಸು ಇಷ್ಟು ಹೊತ್ತಿಗೆ ಮುಟ್ಟಿರುತ್ತಿತ್ತಲ್ಲ ಎನಿಸುತ್ತಿತ್ತು. ಬುಧವಾರ ಬೆಳಿಗ್ಗೆ ಹೋದಾಗ ಸೊಸೆ ಗೋಡೆಗೆ ಹಣೆ ಒತ್ತಿಕೊಂಡು ಕುಳಿತಿದ್ದಳು. "ತಲೆ ಸಿಡೀತದೆ ನರ್ಸಮ್ಮ. ಕಣ್ಮುಂದೆ ಉಳ ಆಡ್ದಂಗಾಯ್ತದೆ" ಎಂದಳು. ಇನ್ನು ಕಾಯುವ ಹಾಗಿರಲಿಲ್ಲ.

ಜೀಪು ನಾಲೆಯ ಮೇಲಿತ್ತು. ಹುಡುಗಿ ಅದರ ಬಾನೆಟ್ಟಿನ ಮೇಲೆ ಕೂತು ಕಾಲಾಡಿಸುತ್ತ ಯಾರದೋ ಗಾಯ ತೊಳೆಯುತ್ತಿದ್ದಳು. ಕೊರಳಲ್ಲಿ ಸ್ಟೆತಸ್ಕೋಪು. ನಾನು ಅವಳನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ.

"ನಾನು ಬಂದು ಮಂಡ್ಯಕ್ಕೆ ಹೋಗಿ ಅಂತ ಹೇಳ್ತೀನಿ. ನನ್ನ ಮಾತು ಕೇಳ್ತಾರಲ್ಲ" ಎಂದಳು.

ಅದು ನನಗೂ ಹೊಳೆದಿತ್ತು. ಸುಲಭದ ದಾರಿ. ಡಾಕ್ಟರಮ್ಮ ಹೇಳಿದಳೆಂದು ಅವರು ಹೊರಡುತ್ತಿದ್ದರೇನೋ. ಆದರೆ ಅತ್ತೆ ಅಷ್ಟಕ್ಕೆ ಬಿಡುವವಳಲ್ಲ. ಕೈ ಮಡಗು ಎನ್ನುತ್ತಾಳೆ, ಬೆಲ್ಲದ ನೀರೇ ಕೊಡು ಎನ್ನುತ್ತಾಳೆ, ನೀನೇ ಹೆರಿಗೆ ಮಾಡು ಎನ್ನುತ್ತಾಳೆ. ಒಂದು ವೇಳೆ ಹೊರಟರೂ, ನಾಳೆ ಇನ್ನೊಂದು ಮನೆಯವರು ಇವಳಿಗಾಗಿ ಕಾಯುತ್ತಾರೆ. ಇವಳು ಕೆಲವೇ ವಾರಗಳಲ್ಲಿ ವಿಮಾನ ಹತ್ತುತ್ತಾಳೆ.

"ಅದಲ್ಲ ನೀನು ಹೇಳಬೇಕಾದ್ದು" ಎಂದೆ. "ನೀನು ಡಾಕ್ಟರಲ್ಲ ಅಂತ ಹೇಳು. ನಿನಗೆ ಇದು ಗೊತ್ತಿಲ್ಲ ಅಂತ ಹೇಳು. ನಾನು ಹೇಳಿದರೆ ನಂಬೋದಿಲ್ಲ, ನಿನ್ನ ಬಾಯಿಂದಲೇ ಬರಬೇಕು."

ಅವಳ ಮುಖ ಇನ್ನಷ್ಟು ಕೆಂಪಾಯಿತು. "ನಾನು ಡಾಕ್ಟರು ಅಂತ ಯಾರಿಗೂ ಯಾವತ್ತೂ ಹೇಳಿಲ್ಲ."

"ಹೇಳಿಲ್ಲ. ಅಲ್ಲ ಅಂತಲೂ ಹೇಳಿಲ್ಲ."

ಅವಳು ನಾಲೆಯ ನೀರು ನೋಡುತ್ತ ನಿಂತಳು. ನನಗೋ ಒಂದೊಂದು ಗಳಿಗೆಯೂ ಮುಳ್ಳು. ಕೊನೆಗೆ ಅವಳು ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದು ಡ್ರೈವರ ಕೈಗೆ ಕೊಟ್ಟಳು. ಮೈಸೂರಿನಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಅಕ್ಷರ ಜೋಡಿಸಿ, "ನಾನು ವೈದ್ಯಳಲ್ಲ" ಎಂದಳು.

"ಅದು ಬೇಡ. ಹಾಗಂದರೆ ಸಂಕೋಚಕ್ಕೆ ಅಂದಳು ಅಂತಾರೆ. ನಾನ್ ಡಾಕ್ಟ್ರಲ್ಲ ಕಣವ್ವ, ನಂಗ್ ಗೊತ್ತಿಲ್ಲ. ಹೀಗೆ ಹೇಳು."

ಜೀಪನ್ನು ಊರೊಳಗೆ ತರಲು ಡ್ರೈವರಿಗೆ ಹೇಳಿ, ದಾರಿಯುದ್ದಕ್ಕೂ ಅದನ್ನೇ ಹೇಳಿಸಿದೆ. ಡ್ರೈವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು, "ಗೊತ್ತಿಲ್ಲ ಅನ್ನಾಗ ತಲೆ ಆಡ್ಸ್‌ಬೇಕು" ಎಂದು ತಾನೂ ಪಾಠ ಮಾಡಿದ.

ಜೀಪು ಮನೆಯ ಮುಂದೆ ನಿಂತದ್ದೇ ಬೀದಿಯವರೆಲ್ಲ ಸೇರಿದರು. ಅತ್ತೆ ಹಸೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟಳು. ಹುಡುಗಿ ಕೂರಲಿಲ್ಲ. ಹೊಸ್ತಿಲಾಚೆಯೇ ನಿಂತು, ಎರಡು ಕೈಯನ್ನೂ ಸೆರಗಿಲ್ಲದ ತನ್ನ ಅಂಗಿಗೆ ಒರೆಸಿಕೊಂಡು ಹೇಳಿದಳು.

"ನಾನ್ ಡಾಕ್ಟ್ರಲ್ಲ ಕಣವ್ವ. ನಾನು ಓದೋ ಉಡುಗಿ. ಇದು ನಂಗ್ ಗೊತ್ತಿಲ್ಲ."

ಅತ್ತೆ ನನ್ನ ಕಡೆ ತಿರುಗಿ, "ನೀನೇ ಏಳ್ಕೊಟ್ಟು ಕರ್ಕಂಡ್ ಬಂದಿದ್ದೀಯ" ಎಂದಳು.

"ಹೌದು, ಮಾತು ನಾನೇ ಹೇಳಿಕೊಟ್ಟೆ. ಸುಳ್ಳು ಹೇಳಿಕೊಟ್ಟಿಲ್ಲ" ಎಂದೆ.

"ಮತ್ತೆ ಆ ಮಗೀನ ಉಳಿಸ್ಲಿಲ್ವ?"

ಹುಡುಗಿಗೆ ಪ್ರಶ್ನೆ ಅರ್ಥವಾಯಿತು. ಕನ್ನಡ ಸಾಲದೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಒಂದು ಮಾತೂ ಕೂಡಿಸದೆ ಕಳೆಯದೆ ತಿರುಗಿಸಿದೆ: "ಅದೊಂದು ಕಲಿತಿದ್ದೆ, ಅದನ್ನು ಮಾಡಿದೆ. ಇದನ್ನ ಕಲಿತಿಲ್ಲ. ಮುಟ್ಟಿದರೆ ಕೆಡಿಸ್ತೀನಿ. ನಂಗೆ ಭಯ ಆಗ್ತಿದೆ."

ಬೀದಿಯಲ್ಲಿ ಒಬ್ಬಾತ, "ಇಷ್ಟ್ ದಿನ ನಮ್ಮುನ್ನ ಮಂಗ ಮಾಡುದ್ರಾ?" ಎಂದ. ಬೇರೆ ಯಾರೋ ನಕ್ಕರು. ಮಂಡಿ ನೋವಿನ ಮುದುಕರೊಬ್ಬರು ಕೋಲೂರಿಕೊಂಡು ಹೊರಟೇ ಹೋದರು. ಅತ್ತೆ ಮಾತ್ರ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಒಳಗಿನಿಂದ ಸೊಸೆ ನರಳಿದ ಸದ್ದು ಕೇಳಿಸಿತು. ಆಗ ಅತ್ತೆ ಮಗನ ಕಡೆ ತಿರುಗಿ, "ಏನ್ಲಾ ನೋಡ್ತಾ ನಿಂತಿದ್ದೀಯೆ, ಎತ್ಕಳ್ಳಾ ಅವ್ಳ" ಎಂದಳು.

ಸೊಸೆಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಮಲಗಿಸಿದೆವು. ಅತ್ತೆಯ ಮಡಿಲಲ್ಲಿ ಕಾಲು, ಹುಡುಗಿಯ ಮಡಿಲಲ್ಲಿ ತಲೆ. ಗಂಡ ಮುಂದೆ ಡ್ರೈವರ ಪಕ್ಕ. ನಾನು ನಡುವೆ ಕುಕ್ಕುರುಗಾಲಿನಲ್ಲಿ. ಮಳವಳ್ಳಿ ದಾಟಿ ಮದ್ದೂರು ಸೇರುವವರೆಗೆ ಸುಖವಾಗಿಯೇ ಬಂದೆವು. ಮದ್ದೂರಿನಿಂದ ಮಂಡ್ಯದ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಬ್ಬಿನ ಗಾಡಿಗಳ ಸಾಲು ಸಿಕ್ಕಿತು. ಫ್ಯಾಕ್ಟರಿಗೆ ಹೊರಟ ಗಾಡಿಗಳು, ಒಂದರ ಹಿಂದೊಂದು, ಎದುರಿನಿಂದ ಲಾರಿ. ಡ್ರೈವರು ಹಾರನ್ನು ಒತ್ತಿಯೇ ಹಿಡಿದ.

ಅಲ್ಲಿ ಅವಳಿಗೆ ಫಿಟ್ಸ್ ಬಂತು. ಮೊದಲು ಬಾಯಿಯ ಮೂಲೆ ಅದುರಿತು, ಆಮೇಲೆ ಮೈಯೆಲ್ಲ ಬಿಗಿದು ಸೆಟೆಯಿತು. ಚಮಚಕ್ಕೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ, ಹಲ್ಲಿನ ನಡುವೆ ತೂರಿಸಿದೆ. ಆಗ ನಮಗೆ ಕಲಿಸಿದ್ದು ಹಾಗೆ. "ತಲೆ ಪಕ್ಕಕ್ಕೆ ಹಿಡಿ, ನೊರೆ ಹೊರಗೆ ಬರಲಿ" ಎಂದೆ. ಹುಡುಗಿ ಹಿಡಿದಳು. ಸೆಟೆತ ಇಳಿಯುವವರೆಗೂ ಹಿಡಿತ ಬಿಡಲಿಲ್ಲ. ಗಂಡ ಜೀಪಿನಿಂದ ಹಾರಿ ಓಡುತ್ತ ಗಾಡಿಯವರ ಮುಂದೆ ಕೈಮುಗಿದ. ಗಾಡಿಯವನೊಬ್ಬ ಒಳಗೆ ಇಣುಕಿ ನೋಡಿ, ಎತ್ತುಗಳನ್ನು ಹೊಡೆದು ಗಾಡಿಯನ್ನು ಗದ್ದೆಗೇ ಇಳಿಸಿಬಿಟ್ಟ. ಅವನನ್ನು ನೋಡಿ ಮುಂದಿನವನೂ ಇಳಿಸಿದ. ಹಾಗೆ ದಾರಿಯಾಯಿತು.

ಮಂಡ್ಯದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಬೆಳಕು ಬೀಳದ ಕೋಣೆಯಲ್ಲಿ ಮಲಗಿಸಿದರು. ನಮ್ಮನ್ನು ಹೊರಗೆ ಕಳಿಸಿದರು. ವರಾಂಡದಲ್ಲಿ ನಾನೂ ಆ ಹುಡುಗಿಯೂ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಅತ್ತೆ ಕಂಬಕ್ಕೊರಗಿ ಕೂತು ನಮ್ಮನ್ನೇ ನೋಡುತ್ತಿದ್ದವಳು, "ಕೂತ್ಕಳ್ರವ್ವ, ನಿಮ್ಮುನ್ನ ನೋಡಿ ನಂಗ್ ತಲೆ ತಿರುಗ್ತದೆ" ಎಂದಳು.

ಮಾರನೆಯ ಮಧ್ಯಾಹ್ನ ಮಗು ಹುಟ್ಟಿತು. ಹೆಣ್ಣು. ಅಂಗೈಯಗಲದ ಬೆನ್ನು, ಹತ್ತಿಯಲ್ಲಿ ಸುತ್ತಿ ಬಿಸಿನೀರಿನ ಬಾಟಲಿಯ ಪಕ್ಕ ಇಟ್ಟಿದ್ದರು. ಅಳು ಬೆಕ್ಕಿನ ಮರಿಯಂತಿತ್ತು. ತಾಯಿಗೆ ಆಮೇಲೆ ಫಿಟ್ಸ್ ಬರಲಿಲ್ಲ. ಇಬ್ಬರೂ ಉಳಿದರು.

ಶುಕ್ರವಾರದ ಕ್ಯಾಂಪು ನಡೆಯಿತು. ಶಾಮಿಯಾನದ ಕೆಳಗೆ ಅಧ್ಯಕ್ಷರು ಬಹಳ ಹೊತ್ತು ಕೂತಿದ್ದರು. ಬಂದದ್ದು ಬೆರಳೆಣಿಕೆಯ ಜನ. ಡಾಕ್ಟರು ನನ್ನೊಡನೆ ಮಾತು ಬಿಟ್ಟರು. ಅವರ ಮೀಟಿಂಗು ಮುಗಿಯುವ ಮೊದಲೇ ನಾನು ಅವರಿಗೆ ತಿಳಿಸದೆ ಕೇಸನ್ನು ಸಾಗಿಸಿದ್ದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ವಿದ್ಯಾರ್ಥಿಗಳ ಮೇಡಂ ಹೇಳಿದ್ದು. ಸುದ್ದಿ ತಿಳಿದು ಮೈಸೂರಿನಿಂದ ಬಂದ ಅವರು ದನಿ ಏರಿಸಲಿಲ್ಲ. "ಜೀಪಿನಲ್ಲೇ ಆ ಹೆಂಗಸು ಸತ್ತಿದ್ದರೆ? ನನ್ನ ಹುಡುಗಿ ಅದನ್ನು ಜೀವನವಿಡೀ ಹೊತ್ತುಕೊಂಡಿರಬೇಕಾಗಿತ್ತು. ಅವಳು ಇಲ್ಲಿಗೆ ಬಂದದ್ದು ಕಲಿಯಲು" ಎಂದರು. ಪಕ್ಕದಲ್ಲಿದ್ದ ಹುಡುಗಿ, "ಕಲಿತೆ" ಎಂದಳು, ಅಷ್ಟೆ. ಉಳಿದ ವಾರಗಳಲ್ಲಿ ಅವಳು ನನ್ನ ಜೊತೆ ಮನೆಮನೆಗೆ ಬಂದು ಮಕ್ಕಳ ತೂಕ ಬರೆದುಕೊಂಡಳು. ಬೆಲ್ಲದಮ್ಮ ಎಂಬ ಹೆಸರು ಉಳಿಯಿತು, ಹಿಂದೆ ಬರುವ ಜನ ಕರಗಿದರು. ಈಗ ನಾನೇನು ಮಾಡಲಿ ಎಂದು ಅವಳು ಕೇಳುವುದು ಕಡಿಮೆಯಾಗಿತ್ತು.

ಅವಳು ಊರಿಗೆ ಹೊರಟು ಹೋದ ಮೇಲೆ ಬಾಣಂತಿಯನ್ನು ನೋಡಲು ಒಮ್ಮೆ ಆ ಮನೆಗೆ ಹೋದೆ. ಅತ್ತೆ ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಸುಮ್ಮನಿರಲಾರದೆ ಕೇಳಿದೆ, "ನಾನು ಅಷ್ಟು ಸಲ ಬಂದು ಹೇಳಿದಾಗ ಕೇಳಲಿಲ್ಲ. ಅವಳು ಡಾಕ್ಟರಲ್ಲ ಅಂದ ಕೂಡಲೇ ಹೊರಟಿರಲ್ಲ, ಯಾಕೆ?"

ಅತ್ತೆ ಕೈ ನಿಲ್ಲಿಸಲಿಲ್ಲ. "ಗೌರ್ಮೆಂಟ್ನೋರು ಎಷ್ಟೊಂದ್ ಜನ ಬಂದವ್ರೆ ಈ ಬಾಗ್ಲಿಗೆ. ಗೊತ್ತಿಲ್ಲ, ಭಯ ಆಯ್ತದೆ ಅಂತ ಒಬ್ರಾದ್ರೂ ಅಂದಿದ್ರಾ? ಎಲ್ಲಾ ಗೊತ್ತು ಅಂತಲೇ ಬತ್ತೀರಿ. ಆ ಉಡುಗಿ ಮೊಕ ನೋಡ್ದೆ, ನಿಜ್ವಾಗ್ಲೂ ಎದ್ರಿದ್ಲು. ಆಗ ನಂಗೂ ಎದ್ರಿಕೆ ಆಯ್ತು" ಎಂದಳು. ಆಮೇಲೆ ನನ್ನನ್ನು ನೋಡಿ, "ನೀನೂ ಎದ್ರಿದ್ದೆ ಅಂತ ಈಗ ಗೊತ್ತಾಯ್ತದೆ. ಆಗ ನಮ್ಮುನ್ನ ಎದರಿಸ್ತಾ ಇದ್ದೆ, ಅದೇ ಕಾಣ್ತಿತ್ತು" ಎಂದಳು.

ಆ ವರ್ಷವೇ ನನಗೆ ಮುತ್ತತ್ತಿಯ ಕಡೆಗೆ ವರ್ಗವಾಯಿತು. ಅಲ್ಲಿ ಕಾಡಂಚಿನ ಒಂದು ಮನೆಯಲ್ಲಿ ಕಾಲು ಬಾತ ಬಸುರಿಯೊಬ್ಬಳು ಸಿಕ್ಕಳು. ಬಿ.ಪಿ. ಏರಿತ್ತು, ಅಷ್ಟೇನೂ ಹೆಚ್ಚಲ್ಲ. ಯಂತ್ರದ ಪಟ್ಟಿ ಬಿಚ್ಚುತ್ತಿದ್ದಂತೆ, "ನಂಗೇನೂ ಆಗಾಕಿಲ್ಲ ಅಲ್ವಾ ನರ್ಸಮ್ಮ?" ಎಂದಳು.

ಏನೂ ಆಗಲ್ಲ ಎಂಬ ಮಾತೂ, ಹೋಗದಿದ್ದರೆ ಸಾಯ್ತೀಯ ಎಂಬ ಮಾತೂ ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ಎರಡನ್ನೂ ನುಂಗಿಕೊಂಡೆ.

"ಗೊತ್ತಿಲ್ಲ ಕಣವ್ವ" ಎಂದೆ. "ಆಗಬಹುದು, ಆಗದೆಯೂ ಇರಬಹುದು. ಮಂಡ್ಯದ ಆಸ್ಪತ್ರೇಲಿ ತೋರಿಸಿದರೆ ಗೊತ್ತಾಗ್ತದೆ. ನನಗೆ ಭಯ ಆಗ್ತಿದೆ."

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು, "ಬಸ್ಸು ಎಷ್ಟೊತ್ತಿಗದೆ?" ಎಂದು ಕೇಳಿದಳು.